‘ಯಾಕೆ ನಿಂತಿದ್ದೀವಿ?’ ಅಂದಿದ್ದಕ್ಕೆ ‘ಶ್!’

ಈಗಷ್ಟೇ ಮನೆಗೆ ಬಂದೆ. ಬ್ಯಾಗ್ ಇನ್ನೂ ಹೆಗಲಲ್ಲೇ ಇದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಇಳಿದ ಮೇಲೆ ಕೂತರೆ ನಾನು ತುಂಬಾ ಸಭ್ಯಳಾಗಿಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಎಲ್ಲಿ ಪಾಠ ಮಾಡುತ್ತಿದ್ದೆ, ಎಷ್ಟು ವರ್ಷ ಮಾಡಿದೆ, ಕೊನೆಗೆ ಯಾಕೆ ಬಿಟ್ಟೆ ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಆ ಪುರಾಣ ಮತ್ತೆ ಬಿಚ್ಚಲ್ಲ. ಶಾಲೆಯ ಹೆಸರನ್ನೂ ಬರೆಯಲ್ಲ. ಗೊತ್ತಿರುವವರು ಸುಮ್ನೆ ಇರಿ.

ಇವತ್ತು ಅಲ್ಲಿ ಹೊಸ ಮಕ್ಕಳ ಸ್ವಾಗತ ಸಮಾರಂಭ. ಹಳೇ ಟೀಚರುಗಳನ್ನೂ ಕರೆದಿದ್ದರು. ಕರೆಯುವುದಕ್ಕೆ ಕಾರಣ ಇತ್ತು. ರಜೆಯಲ್ಲಿ ನಮ್ಮ ಬೆಲ್ ಮಾಮ ತೀರಿಕೊಂಡರು. ಸ್ವಾಗತದ ಜೊತೆಗೇ ಅವರಿಗೆ ಶ್ರದ್ಧಾಂಜಲಿಯನ್ನೂ ‘ಸೇರಿಸಿಕೊಂಡಿದ್ದೇವೆ’ ಅಂತ ಫೋನಿನಲ್ಲಿ ಹೇಳಿದರು. ಈ ‘ಸೇರಿಸಿಕೊಂಡಿದ್ದೇವೆ’ ಅನ್ನುವ ಮಾತು ಕೇಳಿದಾಗಲೇ ನನಗೆ ಅರ್ಥವಾಗಬೇಕಿತ್ತು.

ನಿರೂಪಣೆ ಮಾಡುತ್ತಿದ್ದ ಹುಡುಗಿ ಹೊಸ ಟೀಚರ್. ಪಾಪ, ಅವಳಿಗೆ ಬೆಲ್ ಮಾಮ ಯಾರು ಅಂತಲೇ ಗೊತ್ತಿಲ್ಲ. ಚೀಟಿ ನೋಡಿ ಓದಿದಳು. ‘ನಮ್ಮ ಶಾಲೆಯ ನಿವೃತ್ತ ಸಿಬ್ಬಂದಿಯೊಬ್ಬರು ಇತ್ತೀಚೆಗೆ ನಮ್ಮನ್ನಗಲಿದ್ದಾರೆ. ಎರಡು ನಿಮಿಷ ಮೌನ.’ ಅಷ್ಟೇ. ಹೆಸರಿಲ್ಲ. ಏನು ಕೆಲಸ ಮಾಡುತ್ತಿದ್ದರು ಅನ್ನುವುದೂ ಇಲ್ಲ. ‘ಸಿಬ್ಬಂದಿಯೊಬ್ಬರು’! ಎಲ್ಲರೂ ಎದ್ದು ನಿಂತರು. ಪರೀಕ್ಷಾ ಕೊಠಡಿಗಳಲ್ಲಿ ನಿಂತು ನಿಂತು ಗಡಿಯಾರ ನೋಡುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ನೋಡಿದೆ. ಮೂವತ್ತನಾಲ್ಕು ಸೆಕೆಂಡ್. ‘ಧನ್ಯವಾದಗಳು, ಈಗ ಸಂತೋಷದ ಭಾಗಕ್ಕೆ ಬರೋಣ.’

ಆ ಮೂವತ್ತನಾಲ್ಕು ಸೆಕೆಂಡಿನ ಒಳಗೆ ಮುಂದಿನ ಸಾಲಿನಲ್ಲಿ ಒಂದು ಹುಡುಗ, ಒಂದನೇ ಕ್ಲಾಸಿಗೆ ಹೊಸದಾಗಿ ಸೇರಿದವನು, ಶರಟಿಗೆ ಚುಚ್ಚಿದ ‘ಸುಸ್ವಾಗತ’ ಬ್ಯಾಡ್ಜನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಜೋರಾಗಿಯೇ ಕೇಳಿದ, ‘ಯಾಕೆ ನಿಂತಿದ್ದೀವಿ?’

ಪಕ್ಕದಲ್ಲಿದ್ದ ಟೀಚರ್ ಬಾಯಿಗೆ ಬೆರಳಿಟ್ಟು ‘ಶ್!’ ಅಂದರು.

ಇಷ್ಟೇ ನಡೆದಿದ್ದು. ಇಷ್ಟಕ್ಕೆ ಇಷ್ಟು ಸಿಟ್ಟಾ ಅಂತ ಕೇಳಬೇಡಿ. ಕೇಳಿದರೆ ಇನ್ನೂ ಜಾಸ್ತಿಯಾಗುತ್ತದೆ. ಇಡೀ ಕಾರ್ಯಕ್ರಮದಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. ಅವನಿಗೆ ಸಿಕ್ಕಿದ ಉತ್ತರ ‘ಶ್’.

ಬೆಲ್ ಮಾಮನ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಸರು ಬರೆಯಲ್ಲ, ಅವರ ಮಗಳು ಬೇಡ ಅಂದಿದ್ದಾಳೆ. ಅವರು ಗಂಟೆ ಹೊಡೆಯುತ್ತಿದ್ದರು. ಗೇಟ್ ತೆಗೆಯುತ್ತಿದ್ದರು. ನೀರಿನ ಟ್ಯಾಂಕ್ ತುಂಬಿತಾ ಅಂತ ನೋಡುತ್ತಿದ್ದರು. ಕಾಗದದ ಮೇಲೆ ಇಷ್ಟೇ. ಆದರೆ ಶಾಲೆ ಶುರುವಾಗುವ ಮೊದಲ ದಿನ ನಿಜವಾದ ಹೆಡ್‌ಮಾಸ್ಟರ್ ಅವರೇ. ಗೇಟಿನ ಹತ್ತಿರ ನಿಂತು ಬರುವ ಪ್ರತಿ ಹೊಸ ಮುಖವನ್ನೂ ನೋಡುತ್ತಿದ್ದರು. ಯಾವುದು ಅಳುವ ಮಗು, ಯಾವುದು ಓಡಿಹೋಗುವ ಮಗು, ಯಾವುದು ಅಳುವುದೂ ಇಲ್ಲ ಓಡುವುದೂ ಇಲ್ಲ, ಒಳಗೊಳಗೇ ಒದ್ದಾಡುವ ಮಗು ಅಂತ ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ‘ಮಿಸ್, ಆ ನೀಲಿ ಬ್ಯಾಗಿಂದು ಸುಮ್ನೆ ಇದೆ ಅಂತ ನಂಬಬೇಡಿ. ಹತ್ತು ಗಂಟೆಗೆ ಶುರುವಾಗುತ್ತೆ.’ ಹತ್ತಕ್ಕೆ ಸರಿಯಾಗಿ ಶುರುವಾಗುತ್ತಿತ್ತು.

ಆಗ ಅವರು ಬಂದು ಆ ಮಗುವನ್ನು ಗಂಟೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಅದೊಂದು ಕಬ್ಬಿಣದ ತುಂಡು, ಹಗ್ಗದಲ್ಲಿ ನೇತುಹಾಕಿದ್ದು. ಕೈಗೆ ಸುತ್ತಿಗೆ ಕೊಟ್ಟು, ‘ನೀನು ಹೊಡೆದ್ರೆ ಇಷ್ಟು ದೊಡ್ಡ ಶಾಲೆ ಎದ್ದು ನಿಲ್ಲುತ್ತೆ ನೋಡು’ ಅನ್ನುತ್ತಿದ್ದರು. ಮಗು ಹೊಡೆಯುತ್ತಿತ್ತು. ಶಾಲೆ ಎದ್ದು ನಿಲ್ಲುತ್ತಿತ್ತು. ಅಳು ನಿಂತುಹೋಗುತ್ತಿತ್ತು. ಟೈಮ್‌ಟೇಬಲ್ ಪ್ರಕಾರ ಆ ಹೊತ್ತಿಗೆ ಬೆಲ್ ಇರುತ್ತಲೇ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ನಾವೆಲ್ಲ ಗೊಣಗುತ್ತಿದ್ದೆವು. ನಾನೂ ಗೊಣಗಿದ್ದೇನೆ, ಸುಳ್ಳು ಹೇಳಲ್ಲ.

ಅಂದರೆ ಆ ಶಾಲೆಯಲ್ಲಿ ಹೊಸ ಮಕ್ಕಳನ್ನು ನಿಜವಾಗಿ ಬರಮಾಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಅವರು ಸತ್ತ ವರ್ಷ, ಹೊಸ ಮಕ್ಕಳು ಬಂದ ದಿನ, ಅದೇ ಹೊಸ ಮಕ್ಕಳಿಗೆ ಅವರು ಯಾರು ಅಂತ ಹೇಳಲಿಲ್ಲ. ಇದು ನನ್ನ ತಕರಾರು. ಬೇರೆ ಏನೂ ಇಲ್ಲ. ಮೂವತ್ತನಾಲ್ಕು ಸೆಕೆಂಡ್ ಆದರೂ ಪರವಾಗಿಲ್ಲ, ಆ ಹುಡುಗನಿಗೆ ಎರಡು ವಾಕ್ಯ ಹೇಳಬೇಕಿತ್ತು.

ಈ ಎರಡು ನಿಮಿಷದ ಮೌನ ಅನ್ನುವುದು ಎಲ್ಲಿಂದ ಬಂತು ಅಂತ ವೇದಿಕೆ ಮೇಲಿದ್ದ ಯಾರಿಗಾದರೂ ಗೊತ್ತಿತ್ತಾ? 1918ರಲ್ಲಿ, ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಶುರುವಾಗಿದ್ದು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡದ ಮೇಲಿಂದ ತೋಪು ಹಾರಿಸುತ್ತಿದ್ದರು. ಆ ಸದ್ದಿಗೆ ಇಡೀ ಪಟ್ಟಣ ನಿಂತಲ್ಲೇ ನಿಲ್ಲುತ್ತಿತ್ತು. ಅದನ್ನು ಜಾರಿಗೆ ತಂದ ಮೇಯರ್ ಹ್ಯಾರಿ ಹ್ಯಾಂಡ್ಸ್ ಆಗಷ್ಟೇ ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದರು. ಮೊದಲು ಮೂರು ನಿಮಿಷ ಇತ್ತಂತೆ. ಜಾಸ್ತಿಯಾಯಿತು ಅಂತ ಎರಡಕ್ಕೆ ಇಳಿಸಿದರು. ನಮ್ಮವರು ಮೂವತ್ತನಾಲ್ಕು ಸೆಕೆಂಡಿಗೆ ತಂದಿದ್ದಾರೆ. ಪ್ರಗತಿ!

ಇದನ್ನು ಲಂಡನ್ನಿಗೆ ತಲುಪಿಸಿದವರು ಪರ್ಸಿ ಫಿಟ್ಜ್‌ಪ್ಯಾಟ್ರಿಕ್. ಅವರೂ 1917ರಲ್ಲಿ ಮಗನನ್ನು ಕಳೆದುಕೊಂಡ ಅಪ್ಪ. ಅವರ ಸಲಹೆ ಮೇಲೆ ದೊರೆ ಐದನೇ ಜಾರ್ಜ್ ಕರೆ ಕೊಟ್ಟು, 1919ರ ನವೆಂಬರ್ 11ರಂದು ಬೆಳಗ್ಗೆ 11 ಗಂಟೆಗೆ ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಎರಡು ನಿಮಿಷ ಮೌನ ಆಚರಿಸಿದರು. ನನಗೆ ಇದರಲ್ಲಿ ಮುಖ್ಯ ಅನಿಸುವುದು ಇನ್ನೊಂದು. ಈ ಮೌನ ಯಾಕೆ ಬೇಕು ಅಂತ ಫಿಟ್ಜ್‌ಪ್ಯಾಟ್ರಿಕ್ ಕೊಟ್ಟ ಕಾರಣಗಳಲ್ಲಿ ಮಕ್ಕಳೂ ಇದ್ದರು. ತಾವು ಯಾರ ಋಣದಲ್ಲಿದ್ದೇವೆ ಅನ್ನುವುದು ಮಕ್ಕಳಿಗೆ ತಿಳಿಯಬೇಕು ಅಂತ. ಸತ್ತವರನ್ನು ನೋಡಿರದ, ಮುಂದೆ ಬರುವ ಮಕ್ಕಳೂ ಅದರಲ್ಲಿ ಸೇರಿದರು, ಅಲ್ವಾ? ಬೆಲ್ ಮಾಮ ನನಗೆ ಗೊತ್ತು. ಅವರನ್ನು ನೆನೆಯಲು ನನಗೆ ಮೈಕಿನ ಅಪ್ಪಣೆ ಬೇಡ. ಗೊತ್ತಿಲ್ಲದಿದ್ದವನು ಆ ಹುಡುಗ. ಅವನನ್ನು ಸುಮ್ಮನಾಗಿಸಿ ನಾವು ಯಾರಿಗೆ ಯಾರನ್ನು ನೆನಪು ಮಾಡಿಕೊಟ್ಟೆವು?

ಸರಿ, ‘ಸಂತೋಷದ ಭಾಗ’ಕ್ಕೆ ಬರೋಣ.

ಮುಖ್ಯ ಅತಿಥಿಗಳು ನಲವತ್ತೊಂದು ನಿಮಿಷ ಮಾತಾಡಿದರು. ನೋಡಿದೆ, ಗಡಿಯಾರ. ಅದರಲ್ಲಿ ಹೊಸ ಮಕ್ಕಳ ಬಗ್ಗೆ ಒಂದೇ ವಾಕ್ಯ, ‘ಮಕ್ಕಳೇ ದೇಶದ ಭವಿಷ್ಯ’. ಭವಿಷ್ಯ ಆ ಹೊತ್ತಿಗೆ ಕುರ್ಚಿಯ ಕೆಳಗೆ ಇಳಿದಿತ್ತು. ಇನ್ನೊಂದು ಭವಿಷ್ಯಕ್ಕೆ ಬಾತ್‌ರೂಮಿಗೆ ಹೋಗಬೇಕಿತ್ತು, ಕಾರ್ಯಕ್ರಮ ಮುಗಿಯಲಿ ಅಂದರು. ಮುಗಿಯಲಿಲ್ಲ. ನೆಲ ಒದ್ದೆಯಾಯಿತು. ಓದಲು ಬಾರದ ಮಕ್ಕಳ ಎದೆಗೆ ‘ಸುಸ್ವಾಗತ’ ಅಂತ ಬರೆದು ಚುಚ್ಚಿದ್ದು ಯಾರು ಓದಲಿ ಅಂತ? ಫೋಟೊ ಓದಲಿ ಅಂತ.

ಹೊಸ ಮಕ್ಕಳನ್ನು ಕರೆದುಕೊಳ್ಳುವುದಕ್ಕೆ ಲೋಕದಲ್ಲಿ ಎಷ್ಟು ಚಂದದ ದಾರಿಗಳಿವೆ. ಜರ್ಮನಿಯಲ್ಲಿ 19ನೇ ಶತಮಾನದಿಂದ ಮೊದಲ ದಿನ ಮಗುವಿನ ಕೈಗೆ ಅದರ ಅರ್ಧ ಎತ್ತರದ ಒಂದು ಕಾಗದದ ಶಂಕು ಕೊಡುತ್ತಾರೆ. ಒಳಗೆ ಪೆನ್ಸಿಲ್ಲು, ಸಿಹಿ, ಸಣ್ಣಪುಟ್ಟ ಆಟಿಕೆ. ಅಳಬೇಕು ಅಂದರೂ ಎರಡು ಕೈಯಲ್ಲೂ ಶಂಕು, ಕಣ್ಣೊರೆಸಲು ಕೈಯೇ ಖಾಲಿ ಇಲ್ಲ! ಜಪಾನಿನಲ್ಲಿ ಏಪ್ರಿಲ್‌ನಲ್ಲಿ ಪ್ರವೇಶ ಸಮಾರಂಭ. ಹೊಸದಾಗಿ ಬಂದ ಪುಟಾಣಿಗಳನ್ನು ನೋಡಿಕೊಳ್ಳುವ ಕೆಲಸ ಅಲ್ಲಿನ ಆರನೇ ಕ್ಲಾಸಿನವರಿಗೆ. ರಷ್ಯಾದಲ್ಲಿ ಸೆಪ್ಟೆಂಬರ್ 1. ಅಲ್ಲಿ ಕೊನೆಯ ಕ್ಲಾಸಿನ ಹುಡುಗ ಒಂದನೇ ಕ್ಲಾಸಿನ ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯವರ ಮುಂದೆ ನಡೆಯುತ್ತಾನೆ. ಅವಳ ಕೈಯಲ್ಲಿ ಒಂದು ಗಂಟೆ. ವರ್ಷದ ಮೊದಲ ಗಂಟೆ ಅದೇ. ಇದನ್ನು ಮೊದಲ ಸಲ ಕೇಳಿದಾಗ ಬೆಲ್ ಮಾಮನಿಗೆ ಹೇಳಿದ್ದೆ. ‘ಅವರಿಗೂ ನಂದೇ ಐಡಿಯಾ ಹೊಳೆದಿದೆ’ ಅಂದಿದ್ದರು.

ಆ ಗಂಟೆಯ ಇನ್ನೊಂದು ಕಥೆ ಅವರಿಗೆ ಹೇಳಲಿಲ್ಲ. 2004ರ ಸೆಪ್ಟೆಂಬರ್ 1ರಂದು ಬೆಸ್ಲಾನ್ ಎಂಬ ಊರಿನ ಶಾಲೆಗೆ ಬಂದೂಕಿನವರು ನುಗ್ಗಿದ್ದು ಇಂಥದ್ದೇ ಸ್ವಾಗತದ ಬೆಳಗ್ಗೆ. ಹೂಗುಚ್ಛ ಹಿಡಿದು ನಿಂತ ಮಕ್ಕಳು, ಜೊತೆಗೆ ಬಂದ ಅಪ್ಪ ಅಮ್ಮ ಅಜ್ಜಿಯರು. ಮೂರು ದಿನದ ಕೊನೆಗೆ 330ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 186 ಮಕ್ಕಳು. ಆ ಊರಿನಲ್ಲಿ ಸ್ವಾಗತ, ಸ್ಮರಣೆ ಎರಡನ್ನೂ ಬೇರೆ ಮಾಡಲು ಇನ್ನು ಯಾರಿಂದಲೂ ಆಗುವುದಿಲ್ಲ. ಅಂಥ ಹೊರೆ ಇರುವವರ ಮುಂದೆ ನಮ್ಮದು ಏನು? ಒಬ್ಬ ವಯಸ್ಸಾದ ಮನುಷ್ಯನ ಸಹಜವಾದ ಸಾವು. ಹೇಳಲು ಇದಕ್ಕಿಂತ ಸುಲಭದ್ದು ಯಾವುದಿದೆ?

ಕಾರ್ಯಕ್ರಮ ಮುಗಿದ ಮೇಲೆ ಬಾಯಿ ಮುಚ್ಚಿಕೊಂಡು ಬರಲು ನನಗೆ ಆಗಲಿಲ್ಲ. ನಿಮಗೆ ಗೊತ್ತಲ್ಲ ನನ್ನ ಬಾಯಿ. ಹೆಡ್ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಒಳ್ಳೆಯವರೇ, ನನಗೆ ಅವರ ಮೇಲೆ ದ್ವೇಷ ಏನಿಲ್ಲ. ‘ಮೇಡಂ, ಮೊದಲ ದಿನವೇ ಅಷ್ಟು ಚಿಕ್ಕ ಮಕ್ಕಳಿಗೆ ಸಾವಿನ ವಿಷಯ ಹೇಳಿ ಹೆದರಿಸೋದು ಬೇಡ ಅಂತ’ ಅಂದರು.

ಮೇಲ್ನೋಟಕ್ಕೆ ಸರಿಯಾದ ಮಾತು. ಮಗು ಹೆದರಬಾರದು, ಒಪ್ಪುತ್ತೇನೆ. ಆದರೆ ಮಗು ಹೆದರುವುದು ಯಾವುದಕ್ಕೆ? ಸುತ್ತ ಇರುವ ದೊಡ್ಡವರೆಲ್ಲ ಒಟ್ಟಿಗೆ ಎದ್ದು, ತಲೆ ತಗ್ಗಿಸಿ, ಕಾರಣ ಹೇಳದೆ ನಿಂತುಬಿಟ್ಟರೆ, ಕೇಳಿದರೆ ಗದರಿದರೆ, ಅದು ಹೆದರಿಕೆ ಅಲ್ವಾ? ಹೆದರಿಸಬಾರದು ಅಂತಿದ್ದರೆ ಮಕ್ಕಳನ್ನು ನಿಲ್ಲಿಸಲೇಬಾರದಿತ್ತು. ನಿಲ್ಲಿಸಿದ ಮೇಲೆ ಹೇಳಬೇಕು. ನಿಲ್ಲಿಸಿ, ಹೇಳದೆ ಇರುವುದು ಯಾವ ನ್ಯಾಯ?

ಮರಿಯಾ ನಾಗಿ ಎನ್ನುವ ಮನಶ್ಶಾಸ್ತ್ರಜ್ಞೆ ಬುಡಾಪೆಸ್ಟ್‌ನಲ್ಲಿ 3ರಿಂದ 10 ವರ್ಷದ 378 ಮಕ್ಕಳ ಹತ್ತಿರ ಸಾವಿನ ಬಗ್ಗೆ ಮಾತಾಡಿಸಿ, 1948ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳು ಈ ವಿಷಯ ಯೋಚಿಸುತ್ತಲೇ ಇರುತ್ತಾರೆ ಅಂತ ಗೊತ್ತಾಯಿತು. ತೀರಾ ಚಿಕ್ಕವರಿಗೆ ಸಾವು ಅಂದರೆ ನಿದ್ದೆ, ಇಲ್ಲವೇ ಎಲ್ಲೋ ಹೋಗಿರುವುದು. ಅದಕ್ಕೇ ನಾವು ‘ಮಲಗಿದ್ದಾರೆ’, ‘ದೂರ ಹೋಗಿದ್ದಾರೆ’ ಅಂತ ನಾಜೂಕಾಗಿ ಹೇಳಿದರೆ ಮಗು ಅದನ್ನು ಹಾಗೇ ನಂಬಿ ಕಾಯುತ್ತಾ ಕೂರುತ್ತದೆ. ‘ನಮ್ಮನ್ನಗಲಿದ್ದಾರೆ’ ಅಂದರೆ? ಆರು ವರ್ಷದ ಹುಡುಗನಿಗೆ ಅದು ಅಗಲ-ಉದ್ದದ ಲೆಕ್ಕ ಅನಿಸಿರಬಹುದು. ‘ಸತ್ತುಹೋದರು, ಅವರು ಇಲ್ಲಿ ಗಂಟೆ ಹೊಡೆಯುತ್ತಿದ್ದರು, ನಿಮ್ಮಂಥ ಮಕ್ಕಳು ಅಂದರೆ ಅವರಿಗೆ ಇಷ್ಟ.’ ಇದರಲ್ಲಿ ಹೆದರುವಂಥದ್ದು ಏನಿದೆ ಹೇಳಿ.

ಜಪಾನಿನ ಒಸಾಕಾದಲ್ಲಿ ಇಕೆಡಾ ಪ್ರಾಥಮಿಕ ಶಾಲೆ ಅಂತ ಇದೆ. 2001ರ ಜೂನ್ 8ರಂದು ಚಾಕು ಹಿಡಿದು ಒಳಗೆ ಬಂದವನೊಬ್ಬ ಎಂಟು ಮಕ್ಕಳನ್ನು ಕೊಂದ. ಸತ್ತವರು ಒಂದನೇ, ಎರಡನೇ ಕ್ಲಾಸಿನ ಮಕ್ಕಳು. ಈಗ ಅಲ್ಲಿ ಒಂದು ಗೋಪುರ ಇದೆ, ಅದರಲ್ಲಿ ಎಂಟು ಗಂಟೆಗಳಿವೆ. ಪ್ರತಿ ವರ್ಷ ಜೂನ್ 8ಕ್ಕೆ ಶಾಲೆಯ ಮಕ್ಕಳು ಅಲ್ಲಿ ಸೇರುತ್ತಾರೆ, ಗಂಟೆ ಬಾರಿಸುತ್ತಾರೆ. ಆ ಹೊತ್ತಿಗೆ ಒಂದನೇ ಕ್ಲಾಸಿನವರು ಶಾಲೆಗೆ ಬಂದು ಬರೀ ಎರಡು ತಿಂಗಳಾಗಿರುತ್ತದೆ. ಇವತ್ತು ಅಲ್ಲಿ ಓದುವ ಯಾವ ಮಗುವೂ ಆ ದಿನ ಹುಟ್ಟಿರಲೇ ಇಲ್ಲ. ಅಷ್ಟು ಘೋರವಾದದ್ದನ್ನು ಅಷ್ಟು ಚಿಕ್ಕವರ ಜೊತೆ ಹಂಚಿಕೊಳ್ಳಲು ಅವರಿಗೆ ಆಗುತ್ತದೆ. ನಮಗೆ ಒಬ್ಬ ಬೆಲ್ ಮಾಮನ ಬಗ್ಗೆ ಎರಡು ಮಾತು ಹೇಳಲು ಆಗಲ್ಲ.

ಇಷ್ಟು ಬೈದ ಮೇಲೆ ಒಂದು ವಿಷಯ ಬರೆಯಬೇಕೋ ಬೇಡವೋ ಅಂತ ಹತ್ತು ನಿಮಿಷ ಕೂತೆ. ಬರೆಯುತ್ತೇನೆ. ‘ಶ್’ ಅಂದ ಆ ಟೀಚರ್ ಜಾಗದಲ್ಲಿ ನಾನೂ ಇದ್ದೆ.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ನಾಲ್ಕನೇ ಕ್ಲಾಸು. ಒಂದು ಹುಡುಗಿ ಇದ್ದಳು, ಹಾಜರಿ ನಂಬರ್ ಹದಿನೇಳು. ಜ್ವರ ಬಂದು ಒಂದು ವಾರದಲ್ಲಿ ಹೋಗಿಬಿಟ್ಟಳು. ಸೋಮವಾರ ಹಾಜರಿ ಕರೆಯುವಾಗ ಹದಿನಾರು ಆದ ಮೇಲೆ ಹದಿನೆಂಟು ಅಂದೆ. ಕ್ಲಾಸು ನನ್ನನ್ನೇ ನೋಡುತ್ತಿತ್ತು. ನಾನು ಪುಸ್ತಕ ಬಿಟ್ಟು ತಲೆ ಎತ್ತಲಿಲ್ಲ. ಒಬ್ಬ ಕೈ ಎತ್ತಿದ. ‘ಪಾಠ ತೆಗೀರಿ’ ಅಂದೆ. ಆಮೇಲೆ ಆಫೀಸಿನವರು ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಗೆರೆ ತುಂಬಾ ನೇರವಾಗಿತ್ತು, ಸ್ಕೇಲ್ ಇಟ್ಟು ಎಳೆದಿದ್ದರು. ನಾನು ಆ ವರ್ಷ ಮುಗಿಯುವವರೆಗೂ ಅವಳ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಮಕ್ಕಳಿಗೆ ನೋವಾಗಬಾರದು ಅಂತ, ಅಂದುಕೊಂಡಿದ್ದೆ. ನನಗೆ ಅಳು ಬರುತ್ತೆ ಅನ್ನುವುದು ನಿಜವಾದ ಕಾರಣ.

ಎರಡು ತಿಂಗಳಿಗೆ ಬೇರೆ ಕಡೆಯಿಂದ ವರ್ಗವಾಗಿ ಬಂದವರ ಮಗ ಒಬ್ಬ ನಮ್ಮ ಕ್ಲಾಸಿಗೆ ಸೇರಿದ. ಖಾಲಿ ಇದ್ದ ಜಾಗ ಒಂದೇ. ಅಲ್ಲೇ ಕೂರಿಸಿದೆ. ಪಕ್ಕದ ಹುಡುಗಿಯರು ಎದ್ದು ಬೇರೆ ಬೆಂಚಿಗೆ ಹೋದರು. ‘ಅದು ನಿನ್ನ ಜಾಗ ಅಲ್ಲ’ ಅಂದರು. ಅವನ ಬ್ಯಾಗ್ ಕೆಳಗೆ ಬಿತ್ತು, ದಿನಾ ಬೀಳುತ್ತಿತ್ತು. ನಾನು ಆ ಹುಡುಗಿಯರನ್ನು ಗದರಿದೆ, ಒಬ್ಬಳಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಟ್ಟೆ. ಹೊಸಬರನ್ನು ಪ್ರೀತಿಯಿಂದ ನೋಡಬೇಕು ಅಂತ ಭಾಷಣ ಮಾಡಿದೆ. ಇವತ್ತಿನ ಮುಖ್ಯ ಅತಿಥಿಗಿಂತ ಸ್ವಲ್ಪ ಚಿಕ್ಕದು. ಆ ಹುಡುಗ ತಾನು ಏನು ತಪ್ಪು ಮಾಡಿದೆ ಅಂತ ಗೊತ್ತಾಗದೆ ಮೂರು ವಾರ ಬೆಂಚಿನ ತುದಿಯಲ್ಲಿ, ಅರ್ಧ ಮಾತ್ರ ಕೂತ.

ಅವನಿಗೆ ಹೇಳಿದವರು ಬೆಲ್ ಮಾಮ. ಒಂದು ಮಧ್ಯಾಹ್ನ ನಾನು ಕ್ಲಾಸಿಗೆ ಬಂದರೆ ಅವರು ಒಳಗಿದ್ದಾರೆ, ಕೈಯಲ್ಲಿ ಸುತ್ತಿಗೆ. ಆ ಬೆಂಚಿನ ಹತ್ತಿರ ಬಗ್ಗಿ ಕೂತು, ಅವಳ ಹೆಸರು ಹೇಳಿ, ಅವಳು ಹೇಗೆ ಓಡುತ್ತಿದ್ದಳು, ಊಟದ ಡಬ್ಬಿಯ ಮುಚ್ಚಳ ಹೇಗೆ ದಿನಾ ಕಳೆಯುತ್ತಿದ್ದಳು ಅಂತ ಹೊಸ ಹುಡುಗನಿಗೆ ಹೇಳುತ್ತಿದ್ದರು. ಸುತ್ತ ಹುಡುಗಿಯರು. ಒಬ್ಬಳು ಅಳುತ್ತಾ, ‘ಮುಚ್ಚಳ ನಾನೇ ಬಚ್ಚಿಡ್ತಿದ್ದೆ’ ಅಂದಳು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಹೋಗಲು ಧೈರ್ಯ ಬರಲಿಲ್ಲ. ಮಾರನೇ ದಿನ ಆ ಹುಡುಗ ಪೂರ್ತಿ ಬೆಂಚಿನ ಮೇಲೆ ಕೂತಿದ್ದ.

ಬೆಲ್ ಮಾಮ ಈ ಬಗ್ಗೆ ನನಗೆ ಯಾವತ್ತೂ ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

1966ರಲ್ಲಿ ವೇಲ್ಸ್‌ನ ಅಬರ್‌ಫಾನ್ ಎಂಬ ಊರಿನಲ್ಲಿ ಗಣಿಯ ಕಸದ ಗುಡ್ಡ ಜಾರಿ ಶಾಲೆಯ ಮೇಲೆ ಬಿದ್ದು 116 ಮಕ್ಕಳು ಸತ್ತರು. ಬದುಕುಳಿದ ಮಕ್ಕಳು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದನ್ನು ಒಮ್ಮೆ ಓದಿದ್ದೆ. ಮಕ್ಕಳನ್ನು ಕಳೆದುಕೊಂಡವರಿಗೆ ತಮ್ಮನ್ನು ನೋಡಿದರೆ ಸಂಕಟವಾಗುತ್ತೆ ಅಂತ ಬೀದಿಯಲ್ಲಿ ಆಡುವುದನ್ನೇ ಬಿಟ್ಟಿದ್ದರಂತೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟಿದ್ದೆ. ಬೆಂಚಿನ ತುದಿಯಲ್ಲಿ ಅರ್ಧ ಕೂತ ಹುಡುಗ ಕಣ್ಣ ಮುಂದೆ ಬಂದಿದ್ದ.

ಆದ್ದರಿಂದ ‘ಮಕ್ಕಳಿಗೆ ಯಾಕೆ ಹೇಳಬೇಕು’ ಅನ್ನುವವರು ದಯವಿಟ್ಟು ನನ್ನ ಹತ್ತಿರ ವಾದಕ್ಕೆ ಬರಬೇಡಿ. ಹೇಳದೆ ಇದ್ದು ನೋಡಿದ್ದೇನೆ. ನಾಳೆ ಶಾಲೆಯಿಂದ ಫೋನ್ ಬರುತ್ತದೆ, ‘ಮೇಡಂ, ಪೋಸ್ಟ್ ತೆಗೆಯಿರಿ, ತಪ್ಪು ತಿಳುವಳಿಕೆ ಆಗುತ್ತೆ’ ಅಂತ. ತೆಗೆಯಲ್ಲ. ಬೇಕಿದ್ದರೆ ನನ್ನ ಹದಿನೇಳನೇ ನಂಬರಿನ ಕಥೆಯನ್ನೇ ಮೊದಲು ಓದಿ, ನನಗೇ ಬೈಯಿರಿ.

ಹೊರಡುವಾಗ ಗೇಟಿನ ಹತ್ತಿರ ಆ ಹುಡುಗ ಸಿಕ್ಕಿದ. ಅವನ ಅಮ್ಮ ಯಾರ ಜೊತೆಗೋ ಫೋನಿನಲ್ಲಿದ್ದರು. ಬ್ಯಾಡ್ಜ್ ಕಿತ್ತುಹೋಗಿ ಪಿನ್ ಮಾತ್ರ ಉಳಿದಿತ್ತು. ಅದನ್ನು ಬಿಚ್ಚಿ ಕೊಡುತ್ತಾ ಹೇಳಿದೆ, ‘ಆಗ ಕೇಳಿದೆಯಲ್ಲ, ಯಾಕೆ ನಿಂತಿದ್ದೀವಿ ಅಂತ? ಇಲ್ಲಿ ಒಬ್ಬರು ಮಾಮ ಇದ್ದರು. ಗಂಟೆ ಹೊಡೀತಿದ್ದರು. ಸತ್ತುಹೋದರು. ಅವರಿಗೋಸ್ಕರ ನಿಂತಿದ್ದು.’

ಅವನು ಹೆದರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿದ.

‘ಈಗ ಯಾರು ಹೊಡೀತಾರೆ ಅಜ್ಜಿ?’

‘ಈಗ ಯಾರೂ ಹೊಡೆಯಲ್ಲ ಮರಿ. ಆಫೀಸಲ್ಲಿ ಸ್ವಿಚ್ ಇದೆ.’

‘ಆ ಗಂಟೆ?’

ತೋರಿಸಿದೆ. ಸ್ಟೋರ್‌ರೂಮಿನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದಾರೆ, ಮುರಿದ ಕುರ್ಚಿಗಳ ಜೊತೆ. ಹಗ್ಗ ಇಲ್ಲ. ಸುತ್ತಿಗೆಯೂ ಇಲ್ಲ. ಅವನು ಸುತ್ತಮುತ್ತ ನೋಡಿ ಒಂದು ಕಲ್ಲು ಎತ್ತಿಕೊಂಡ. ನನ್ನ ಮುಖ ನೋಡಿದ, ಹೊಡೆಯಲಾ ಅಂತ.

ಮುಖ್ಯ ಅತಿಥಿಗಳು ಇನ್ನೂ ಒಳಗೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೊಡಿ ಅಂದೆ.